ದಮ್ಮಿನ ರೋಗಿಗೆ ಪಾಠ ಹೇಳಿದ ಕಥೆ

ಬೀಡಿ ಸಿಗರೇಟಿನ ಹೊಗೆಗೋ, ಸೌದೆ ಒಲೆಯ ಹೊಗೆಗೋ ವರ್ಷಾನುಗಟ್ಟಲೆ ಒಡ್ಡಿಕೊಂಡ ಶ್ವಾಸಕೋಶಕ್ಕೆ ಬರುವ ದಮ್ಮಿನ ಕಾಯಿಲೆಯನ್ನು ವೈದ್ಯರು ಸಿಒಪಿಡಿ ಅನ್ನುತ್ತಾರೆ. ಕಳೆದ ಶತಮಾನದ ನಡುವಿನವರೆಗೂ ಇಂಥ ರೋಗಿಗೆ ಸಿಗುತ್ತಿದ್ದ ಸಲಹೆ, ಓಡಾಡಬೇಡಿ, ಮಲಗಿರಿ. ಮಲಗಿದಷ್ಟೂ ಕಾಲಿನ ಕಸುವು ಇಳಿಯುತ್ತಿತ್ತು. ಕಸುವು ಇಳಿದಷ್ಟೂ ದಮ್ಮು ಏರುತ್ತಿತ್ತು. ನ್ಯೂಯಾರ್ಕಿನ ವೈದ್ಯ ಆಲ್ವನ್ ಬರಾಕ್, ಆಮ್ಲಜನಕ ಕೊಟ್ಟು ನಡೆಸಿ ನೋಡೋಣ ಎಂದರು. 1960ರ ದಶಕದಲ್ಲಿ ಡೆನ್ವರ್ ನಗರದ ಥಾಮಸ್ ಪೆಟ್ಟಿ ಅದಕ್ಕೊಂದು ಕ್ರಮ ಕಟ್ಟಿದರು. ನಡಿಗೆಯ ಜೊತೆಗೆ ಉಸಿರಾಟದ ಪಾಠ: ಮೂಗಿನಿಂದ ಎಳೆದು, ಸೀಟಿ ಊದುವವರ ಹಾಗೆ ತುಟಿ ಕಿರಿದು ಮಾಡಿ ನಿಧಾನಕ್ಕೆ ಬಿಡುವುದು. ಆಗ ಸಣ್ಣ ಶ್ವಾಸನಾಳಗಳು ಬೇಗ ಮುಚ್ಚಿಕೊಳ್ಳುವುದಿಲ್ಲ, ಒಳಗೆ ಸಿಕ್ಕಿಬಿದ್ದ ಗಾಳಿ ಹೊರಬರುತ್ತದೆ. ಅದೇ ಊರಿನಲ್ಲಿ ಮನಶ್ಶಾಸ್ತ್ರಜ್ಞ ಥಾಮಸ್ ಕ್ರೀರ್ ಅಸ್ತಮಾ ಇದ್ದ ಮಕ್ಕಳಿಗೇ ತಮ್ಮ ಕಾಯಿಲೆ ನೋಡಿಕೊಳ್ಳುವುದನ್ನು ಕಲಿಸುತ್ತಿದ್ದರು.

ಹೀಗೆ ರೋಗಿಗೇ ಕಲಿಸುವುದರಿಂದ ದಮ್ಮಿನವರು ಆಸ್ಪತ್ರೆ ಸೇರುವುದು ತಪ್ಪುತ್ತದೆಯೇ? ಕೆನಡಾದ ಕ್ವಿಬೆಕ್‌ನಲ್ಲಿ ಜೀನ್ ಬೂರ್ಬೋ ತಂಡ 7 ಆಸ್ಪತ್ರೆಗಳ 191 ರೋಗಿಗಳಲ್ಲಿ ಪರೀಕ್ಷಿಸಿತು. ವಾರಕ್ಕೊಂದು ಪಾಠ, ಸುಮಾರು ಎರಡು ತಿಂಗಳು, ಆಮೇಲೆ ತಿಂಗಳಿಗೊಂದು ಫೋನು. ಕಫ ಹೆಚ್ಚಿ ಬಣ್ಣ ತಿರುಗಿದರೆ, ಏದುಸಿರು ದಿನದ ವಾಡಿಕೆಗಿಂತ ಜೋರಾದರೆ ಯಾವ ಮಾತ್ರೆ ಶುರುಮಾಡಬೇಕು, ಯಾರನ್ನು ಕರೆಯಬೇಕು ಎಂದು ಬರೆದ ಚೀಟಿ ರೋಗಿಯ ಕೈಯಲ್ಲೇ ಇರುತ್ತಿತ್ತು. ಕಾಯಿಲೆ ಕೆರಳಿ ಆಸ್ಪತ್ರೆ ಸೇರುವುದು ಸುಮಾರು ಶೇ. 40ರಷ್ಟು ಇಳಿಯಿತೆಂದು 2003ರಲ್ಲಿ ವರದಿಯಾಯಿತು.

ಎಲ್ಲರಿಗೂ ಹುಮ್ಮಸ್ಸು ಬಂತು. ಆದರೆ ಅಮೆರಿಕದ ಮಾಜಿ ಸೈನಿಕರಲ್ಲಿ ನಡೆದ ಇಂಥದೇ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಪಾಠ ಕೇಳಿದವರಲ್ಲಿ 28 ಸಾವು, ಕೇಳದವರಲ್ಲಿ 10. 2012ರಲ್ಲಿ ಪ್ರಕಟವಾದ ಈ ಲೆಕ್ಕಕ್ಕೆ ಸರಿಯಾದ ಕಾರಣ ಕಂಡುಬರಲಿಲ್ಲ. ಚೀಟಿಯೊಂದಿದ್ದರೆ ಸಾಕೆಂದು ನಂಬುವವರು ಈ ಸುದ್ದಿಯನ್ನು ಹೆಚ್ಚು ಎತ್ತುವುದಿಲ್ಲ. ಎತ್ತಬೇಕೆಂದು ನನ್ನ ಅಭಿಪ್ರಾಯ.

ಅದೇ ವರ್ಷ ಗ್ಲಾಸ್ಗೋದಿಂದ ಇನ್ನೊಂದು ವರದಿ ಬಂತು. ಅಲ್ಲಿ ಕಲಿತವರಲ್ಲಿ ಶೇ. 42ರಷ್ಟು ಮಂದಿ ಮಾತ್ರ ತಮ್ಮನ್ನು ತಾವೇ ಸರಿಯಾಗಿ ನಿಭಾಯಿಸಿಕೊಂಡರು. ಅವರು ಉಳಿದವರಿಗಿಂತ ಚಿಕ್ಕ ವಯಸ್ಸಿನವರು. ಮನೆಯಲ್ಲಿ ಒಂಟಿಯಾಗಿರದೆ ಯಾರಾದರೂ ಜೊತೆಗಿದ್ದವರೇ ಅವರಲ್ಲಿ ಹೆಚ್ಚು. ಹಾಗಾಗಿ ಮುಂದಿನ ಸಲ ನಿಮ್ಮ ಮನೆಯ ಹಿರಿಯರು ಡಾಕ್ಟರ ಹತ್ತಿರ ಹೋದಾಗ ಹೊರಗಿನ ಬೆಂಚಿನಲ್ಲಿ ಕಾಯದೆ ನೀವೂ ಒಳಗೆ ಹೋಗಿ. ಇನ್ಹೇಲರ್ ಪಂಪು ಎಳೆಯುವ ರೀತಿ, ಮಾತ್ರೆಯ ಲೆಕ್ಕ ಎರಡನ್ನೂ ಕೇಳಿಕೊಂಡು ಬನ್ನಿ.