ಮೂರು ಫೇಸು, ಒಂದು ನ್ಯೂಟ್ರಲ್ಲು



ಸಾಗರ, ಹೊಸನಗರ, ತೀರ್ಥಹಳ್ಳಿಯ ಅಡಿಕೆ ಬೆಳೆಗಾರರಿಗೆ ತ್ರೀ ಫೇಸ್ ಎಂದರೇನೆಂದು ಯಾರೂ ಪಾಠ ಹೇಳಬೇಕಿಲ್ಲ. ಅದು ಇದ್ದರೆ ತೋಟಕ್ಕೆ ನೀರು, ಸಿಂಗಲ್ ಫೇಸ್ ಉಳಿದರೆ ಮನೆಗೆ ದೀಪ. ಕೆಪಾಸಿಟರ್ ಹಾಕಿ ಸಿಂಗಲ್ ಫೇಸಿನಲ್ಲೇ ಪಂಪ್‌ಸೆಟ್ ಓಡಿಸಿದವರೂ, ಹಾಗೆ ಓಡಿಸಿ ವೈಂಡಿಂಗ್ ಸುಟ್ಟುಕೊಂಡವರೂ ಈ ಸಭೆಯಲ್ಲಿ ಇದ್ದೀರಿ ಎಂದುಕೊಂಡಿದ್ದೇನೆ. ಇದರಿಂದ ಒಂದು ನಂಬಿಕೆ ಬೇರುಬಿಟ್ಟಿದೆ: ತ್ರೀ ಫೇಸ್ ಅಂದರೆ ಗಟ್ಟಿ ಕರೆಂಟು, ದೊಡ್ಡದಕ್ಕೆಲ್ಲ ಅದೇ ಬೇಕು. ಕಾಲೇಜಿನಲ್ಲೋ ಸೊಸೈಟಿಯಲ್ಲೋ ಕಂಪ್ಯೂಟರ್ ಕೋಣೆ ಮಾಡುವಾಗಲೂ ಮೊದಲು ಬರುವ ಮಾತು ಇದೇ.

ಮೋಟಾರಿನ ಮಟ್ಟಿಗೆ ನಂಬಿಕೆ ಸರಿ. ಒಂದೇ ಒರಳಿಗೆ ಮೂವರು ಸರದಿಯಂತೆ ಒನಕೆ ಹಾಕಿದರೆ ಪೆಟ್ಟು ನಿಲ್ಲುವುದೇ ಇಲ್ಲ. ಮೂರು ಫೇಸುಗಳ ಏರಿಳಿತವೂ ಹಾಗೆ ಒಂದರ ಹಿಂದೊಂದು ಬರುತ್ತದೆ. ಸಿಂಗಲ್ ಫೇಸಿನಲ್ಲಿ ಶಕ್ತಿ ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟುತ್ತದೆ. ಮೂರೂ ಸೇರಿದರೆ ಒಟ್ಟು ಶಕ್ತಿ ಒಂದೇ ಸಮ, ಮೋಟಾರು ತಾನಾಗಿಯೇ ತಿರುಗತೊಡಗುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತ್ರೀ ಫೇಸ್ ಹೋದದ್ದು ಗಣಿಯ ಯಂತ್ರಗಳಿಗಾಗಿ. ನಮ್ಮ ಶರಾವತಿಯ ಜನರೇಟರುಗಳು ಹುಟ್ಟಿಸುವುದೂ ತ್ರೀ ಫೇಸನ್ನೇ. (ಆ ನೀರಿಗೆ ಊರು ಕೊಟ್ಟ ಹಿನ್ನೀರಿನ ಎಷ್ಟೋ ಮನೆಗಳಿಗೆ ಒಂದು ಫೇಸು ಬರಲಿಕ್ಕೂ ದಶಕಗಳು ಹಿಡಿದವು. ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ.)

ಕಂಪ್ಯೂಟರಿನ ಲೆಕ್ಕವೇ ಬೇರೆ. ಅದರೊಳಗೆ ಫ್ಯಾನು ಬಿಟ್ಟರೆ ತಿರುಗುವುದು ಹೆಚ್ಚೇನಿಲ್ಲ. ಗೋಡೆಯಿಂದ ಬಂದ 230 ವೋಲ್ಟನ್ನು ಪವರ್ ಸಪ್ಲೈ ಡಿ.ಸಿ. ಮಾಡಿ 12 ವೋಲ್ಟಿಗೆ ಇಳಿಸುತ್ತದೆ. ಪ್ರೊಸೆಸರಿಗೆ ಮುಟ್ಟುವ ಹೊತ್ತಿಗೆ ಅದು ಸುಮಾರು ಒಂದು ವೋಲ್ಟು. ಮೂಲದಲ್ಲಿ ಫೇಸು ಒಂದೋ ಮೂರೋ, ಚಿಪ್ಪಿಗೆ ಗೊತ್ತೇ ಆಗುವುದಿಲ್ಲ.

ಹಾಗಾದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿಸಿದ ಪರಮ್ ಪ್ರವೇಗದಂಥ ಸೂಪರ್ ಕಂಪ್ಯೂಟರುಗಳಿಗೆ ತ್ರೀ ಫೇಸ್ ಯಾಕೆ? ತಂತಿಯ ಲೆಕ್ಕಕ್ಕೆ. 12 ಕಿಲೋವ್ಯಾಟಿನ ಒಂದು ರ‍್ಯಾಕನ್ನು ಸಿಂಗಲ್ ಫೇಸಿನಲ್ಲಿ ಓಡಿಸಿದರೆ ಒಂದೇ ತಂತಿಯಲ್ಲಿ 52 ಆಂಪಿಯರ್ ಹರಿಯಬೇಕು. ಮೂರು ಫೇಸಿಗೆ ಹಂಚಿದರೆ ಒಂದೊಂದರಲ್ಲಿ 17ರಷ್ಟು. ಟ್ರಾನ್ಸ್‌ಫಾರ್ಮರಿನ ಮೇಲಿನ ಭಾರವೂ ಸಮನಾಗುತ್ತದೆ. ಜತೆಗೆ ಕೋಣೆ ತಂಪು ಮಾಡುವ ದೊಡ್ಡ ಎ.ಸಿ.ಯ ಕಂಪ್ರೆಸರ್ ಇದೆ. ಅದು ಅಪ್ಪಟ ಮೋಟಾರು. ಎಷ್ಟೋ ಕಡೆ ತ್ರೀ ಫೇಸ್ ಕೇಳುತ್ತಿರುವುದು ಕಂಪ್ಯೂಟರಲ್ಲ, ಪಕ್ಕದ ಎ.ಸಿ.

ನನ್ನ ತಕರಾರು ನ್ಯೂಟ್ರಲ್ಲಿನ ಬಗ್ಗೆ. ಮೂರೂ ಫೇಸಿನಲ್ಲಿ ಭಾರ ಸಮವಾಗಿದ್ದರೆ ನ್ಯೂಟ್ರಲ್ಲಿನಲ್ಲಿ ಕರೆಂಟು ಹರಿಯುವುದಿಲ್ಲ ಎಂದು ಪುಸ್ತಕ ಹೇಳುತ್ತದೆ, ವೈರಿಂಗ್‌ನವರು ಅದನ್ನೇ ನಂಬಿ ಸಣ್ಣ ತಂತಿ ಎಳೆಯುತ್ತಾರೆ. ಹಳೆಯ ಫಿಲಮೆಂಟ್ ಬಲ್ಬಿಗೆ, ಹೀಟರಿಗೆ ಅದು ಸರಿ. ಆದರೆ ಅಗ್ಗದ ಪವರ್ ಸಪ್ಲೈ ಕರೆಂಟನ್ನು ತುಂಡುತುಂಡಾಗಿ ಎಳೆಯುತ್ತದೆ. ಆಗ ಸೆಕೆಂಡಿಗೆ 50 ಆವರ್ತದ ಕರೆಂಟಿನ ಜೊತೆ 150 ಆವರ್ತದ್ದೂ ಹುಟ್ಟುತ್ತದೆ. ಮೂರು ಫೇಸಿನ ಈ 150ರವು ಒಂದನ್ನೊಂದು ಅಳಿಸುವುದಿಲ್ಲ, ನ್ಯೂಟ್ರಲ್ಲಿನಲ್ಲಿ ಕೂಡಿಕೊಳ್ಳುತ್ತವೆ. ತೀರಾ ಕೆಟ್ಟಲ್ಲಿ ನ್ಯೂಟ್ರಲ್ಲಿನ ಕರೆಂಟು ಫೇಸಿನ 1.7 ಪಟ್ಟು ಆಗಬಹುದು. ತಂತಿ ಕಾದು ಜಾಯಿಂಟು ಬಿಟ್ಟರೆ 230 ಇರಬೇಕಾದಲ್ಲಿ ಒಂದು ಫೇಸು 400 ವೋಲ್ಟಿನ ಹತ್ತಿರ ಏರುತ್ತದೆ, ಇನ್ನೊಂದು ಕುಸಿಯುತ್ತದೆ. ಟಿ.ವಿ., ರೂಟರ್, ಕಂಪ್ಯೂಟರ್ ಒಟ್ಟಿಗೆ ಸುಡುವುದು ಹೀಗೆ.

ಇನ್ನೊಂದು ಮಲೆನಾಡಿನದೇ ಪಜೀತಿ. ಆಗುಂಬೆ ಕಡೆಯ ಮಳೆಗೆ ಮರ ಬಿದ್ದು ಒಂದೇ ಫೇಸು ಹೋಗುವುದು ಇಲ್ಲಿ ಮಾಮೂಲು. ದೊಡ್ಡ ತ್ರೀ ಫೇಸ್ ಯುಪಿಎಸ್‌ಗಳು ಸಾಮಾನ್ಯವಾಗಿ ಒಂದು ಫೇಸು ಹೋದರೂ ಕರೆಂಟೇ ಹೋಯಿತೆಂದು ಬ್ಯಾಟರಿಗೆ ಇಳಿಯುತ್ತವೆ. ಎರಡು ಫೇಸು ಇದ್ದೂ ಕೆಲಸಕ್ಕೆ ಬರುವುದಿಲ್ಲ. ಹತ್ತಿಪ್ಪತ್ತು ಕಂಪ್ಯೂಟರಿನ ಕೋಣೆಗೆ ಮೂರು ಸಣ್ಣ ಸಿಂಗಲ್ ಫೇಸ್ ಯುಪಿಎಸ್ ತಂದು ಒಂದೊಂದನ್ನು ಒಂದೊಂದು ಫೇಸಿಗೆ ಕೊಡುವುದೇ ಮೇಲು ಎನ್ನುತ್ತೇನೆ. ಅಂಗಡಿಯವರು ಒಪ್ಪಲಿಕ್ಕಿಲ್ಲ.

ನ್ಯೂಟ್ರಲ್ ಫೇಸಿಗಿಂತ ದಪ್ಪವಿರಲಿ, ಎ.ಸಿ.ಗೆ ಬೇರೆ ಲೈನ್ ಇರಲಿ. ಅರ್ತಿಂಗನ್ನು ಮಾತ್ರ ಏಪ್ರಿಲ್‌ನಲ್ಲಿ ಅಳೆಸಿ. ನಮ್ಮ ಜಂಬಿಟ್ಟಿಗೆ ನೆಲ ಒಣಗಿದಾಗ ಕರೆಂಟನ್ನು ಒಳಗೆ ಬಿಟ್ಟುಕೊಳ್ಳಲು ಬಹಳ ಸತಾಯಿಸುತ್ತದೆ. ಜುಲೈ ಮಳೆಯಲ್ಲಿ ಅಳೆದರೆ ಎಲ್ಲರ ಅರ್ತೂ ಪಾಸು.