ದಂಡಿನ ದವಾಖಾನೆಯಲ್ಲಿ ನಮ್ಮ ಕಾಕಾ
(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

 

ನಿನ್ನೆಯಿಂದ ಈ ಮಂಟಪದಲ್ಲಿ ವಿದ್ವಜ್ಜನರು ಶಾಸ್ತ್ರವಿಚಾರಗಳನ್ನು ಪ್ರತಿಪಾದಿಸಿರುವರು. ನಾನು ಪಂಡಿತನಲ್ಲ. ಮನೆತನದ ಒಂದು ಸಂಗತಿಯನ್ನು ಅರಿಕೆಮಾಡಿಕೊಳ್ಳಲು ಶ್ರೀಗಳವರ ಅಪ್ಪಣೆಯಾಗಿರುವುದರಿಂದ ತಮ್ಮೆದುರಿಗೆ ನಿಂತಿರುವೆನು.

ನಮ್ಮದು ಖಾನಾಪುರ ತಾಲೂಕು. ಮಲಪ್ರಭೆಯು ಕಣಕುಂಬಿಯಲ್ಲಿ ಹುಟ್ಟಿ ನಮ್ಮ ಸೀಮೆಯನ್ನು ಹಾಯ್ದು ಹೋಗುವಳು. 1831ರಲ್ಲಿ ಸಂಗೊಳ್ಳಿ ರಾಯಣ್ಣನು ಗಲ್ಲಿಗೇರಿದ ನಂದಗಡವೂ ನಮ್ಮ ತಾಲೂಕಿನದೇ. ಆದುದರಿಂದ ವೀರರ ಲಾವಣಿಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಆದರೆ ಖಡ್ಗ ಹಿಡಿದವನಿಗೆ ಲಾವಣಿಯುಂಟು. ಗಾಯಾಳುವಿನ ಡೋಲಿ ಹೊತ್ತವನಿಗೆ ಇಲ್ಲ. ನನ್ನ ತಂದೆಯವರ ತಮ್ಮಂದಿರು, ನಾವೆಲ್ಲ ಕಾಕಾ ಎಂದು ಕರೆಯುತ್ತಿದ್ದವರು, ಈ ಎರಡನೆಯ ಪಂಗಡಕ್ಕೆ ಸೇರಿದವರು.

ಮರಾಠಾ ಪಲ್ಟಣದ ತರಬೇತಿಯ ಕೇಂದ್ರವು 1922ರಿಂದ ಬೆಳಗಾವಿಯಲ್ಲಿದ್ದುದರಿಂದ ದಂಡಿಗೆ ಸೇರುವುದು ನಮ್ಮ ಕಡೆಯ ಹುಡುಗರಿಗೆ ಹೊಸ ಮಾತಾಗಿರಲಿಲ್ಲ. ಕಾಕಾ 1942ರಲ್ಲಿ ಖಾನಾಪುರದ ಸ್ಟೇಶನ್ನಿನಲ್ಲಿ ರೈಲು ಹತ್ತಿ ಬೆಳಗಾವಿಗೆ ಬಂದು ಹೆಸರು ಬರೆಯಿಸಿದರು. ಏಕೆಂದು ಕೇಳಿದರೆ, "ಸಂಬಳಕ್ಕೆ" ಎನ್ನುತ್ತಿದ್ದರು. ಇದನ್ನು ಅಲಂಕರಿಸಿ ಹೇಳಲು ನನ್ನಿಂದಾಗದು. ಇಂಗ್ಲಿಷು ನಾಲ್ಕು ಇಯತ್ತೆ ಕಲಿತಿದ್ದುದರಿಂದ ಅವರನ್ನು ದವಾಖಾನೆಯ ಕೆಲಸಕ್ಕೆ ಹಾಕಿದರು. 1943ರ ಏಪ್ರಿಲ್ 3ರಂದು ಮೂರು ಹಳೆಯ ವೈದ್ಯಸಂಸ್ಥೆಗಳನ್ನು ಕೂಡಿಸಿ ಭಾರತೀಯ ಸೇನಾ ವೈದ್ಯದಳವನ್ನು ಕಟ್ಟಿದಾಗ ಕಾಕಾ ಆ ದಳದವರಾಗಿ ಇಂಫಾಲಕ್ಕೆ ಹೋದರು.

ದಂಡಿನ ದವಾಖಾನೆಯೆಂದರೆ ಗುಂಡಿನ ಗಾಯವೇ ಎಂದು ಬಾಲ್ಯದಲ್ಲಿ ನಾವು ತಿಳಿದಿದ್ದೆವು. ಕಾಕಾ ನಗುತ್ತಿದ್ದರು. ಬರ್ಮಾದ ಆ ರಣರಂಗದಿಂದ 1943ರಲ್ಲಿ ಗಾಯಗೊಂಡು ಹಿಂದಕ್ಕೆ ಬಂದವನು ಒಬ್ಬನಾದರೆ ರೋಗದಿಂದ ಬಂದವರು 120 ಮಂದಿ. ಮೆಪಾಕ್ರಿನ್ ಎಂಬ ಹಳದಿ ಗುಳಿಗೆಯನ್ನು ದಿನಾಲು ಸಿಪಾಯಿಗಳಿಗೆ ಕೊಟ್ಟು, ನುಂಗಿದನೋ ಇಲ್ಲವೋ ಎಂದು ಬಾಯಿ ತೆರೆಯಿಸಿ ನೋಡುವುದೇ ಅವರ ಕಾಯಕವಾಗಿತ್ತು. ಆ ಗುಳಿಗೆಯಿಂದ ಮೈಯೆಲ್ಲ ಹಳದಿಯಾಗುವುದು. "ಅರಿಸಿನ ಹಚ್ಚಿದ ಮದುಮಕ್ಕಳಂತೆ ಇದ್ದೆವು" ಎನ್ನುತ್ತಿದ್ದರು.

1944ರ ಮಾರ್ಚ್ ತಿಂಗಳ ಕೊನೆಗೆ ಜಪಾನಿಯರು ಕೊಹಿಮಾ ದಾರಿಯನ್ನು ಕಡಿದರು. ಜೂನ್ 22ರವರೆಗೆ ಅದು ತೆರೆಯಲಿಲ್ಲ. ಅನ್ನ ಬರುವುದೂ ಗಾಯಾಳು ಹೋಗುವುದೂ ವಿಮಾನದಲ್ಲಿಯೇ. ಸುಮಾರು 13,000 ಮಂದಿ ಗಾಯಾಳುಗಳನ್ನೂ ರೋಗಿಗಳನ್ನೂ ಹೀಗೆ ಸಾಗಿಸಿದರು. ಶಾಂಗ್ಶಕ್ ಗುಡ್ಡದಲ್ಲಿ ಕಾದಾಡಿದ ನಾಲ್ಕನೆಯ ಮರಾಠಾ ಪಲ್ಟಣದ ಗಾಯಾಳುಗಳು ಬಂದಾಗ ಖಾನಾಪುರದ ಮರಾಠಿಯು ಕಾಕಾ ಅವರಿಗೆ ಔಷಧಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿತಂತೆ.

ಆ ಮೇ ತಿಂಗಳಲ್ಲಿ ಒಬ್ಬ ಲಾರಿ ಚಾಲಕನನ್ನು ತಂದರು. ಹೊಟ್ಟೆಗೆ ಚೂರು ತಾಗಿತ್ತು. ನಡುರಾತ್ರಿ ಅವನು "ಅವ್ವಾ, ನೀರು" ಎಂದನು. ಎರಡು ವರ್ಷಗಳ ಮೇಲೆ ಕಿವಿಗೆ ಬಿದ್ದ ಕನ್ನಡವದು. ಅಂಗಿ ಬಿಚ್ಚಿ ನೋಡಿದರೆ ಕೊರಳಲ್ಲಿ ಶಿವದಾರ, ಬೆಳ್ಳಿಯ ಕರಡಿಗೆ. ಬೈಲಹೊಂಗಲದ ಕಡೆಯ ಹುಡುಗ. ಹೊಟ್ಟೆಯ ಗಾಯಕ್ಕೆ ನೀರು ಕೊಡಬಾರದೆಂಬುದು ಕಟ್ಟಪ್ಪಣೆ. ಕಾಕಾ ಒದ್ದೆ ಬಟ್ಟೆಯಿಂದ ತುಟಿಯನ್ನು ಒರಸಿದರು, ನೀರು ಕೊಡಲಿಲ್ಲ. ಬೆಳಗಾಗುವುದರೊಳಗೆ ಅವನು ಲಿಂಗೈಕ್ಯನಾದನು. ಕೊಟ್ಟಿದ್ದರೂ ಅವನು ಉಳಿಯುತ್ತಿರಲಿಲ್ಲವೆಂಬುದು ಕಾಕಾ ಅವರಿಗೆ ಗೊತ್ತಿತ್ತು. ಅದರಿಂದಲೇ ಅವರ ಸಂಕಟವು ಕಡೆಯವರೆಗೂ ಹೋಗಲಿಲ್ಲ.

ದಫ್ತರದಲ್ಲಿ ಹಿಂದೂ ಎಂದು ಬರೆದಿತ್ತು. ಹಿಂದೂ ಎಂದರೆ ದಹನ. ಕಾಕಾ ವೈದ್ಯಾಧಿಕಾರಿಗಳ ಮುಂದೆ ನಿಂತು, "ಸಾಹೇಬರೇ, ನಮ್ಮವರನ್ನು ಸುಡುವುದಿಲ್ಲ, ಕೂಡಿಸಿ ಮಣ್ಣು ಕೊಡುವೆವು" ಎಂದರು. ಬಂಗಾಳಿಯಾಗಿದ್ದ ಆ ವೈದ್ಯರು ಇಂಥ ಮಾತನ್ನು ಕೇಳಿದವರಲ್ಲ. ಕೊರಳ ಲಿಂಗವನ್ನು ತೋರಿಸಿದ ಮೇಲೆ, "ತಗ್ಗನ್ನು ನೀನೇ ತೋಡುವುದಾದರೆ ಆಗಲಿ" ಎಂದರು. ಡೋಲಿ ಹೊರುತ್ತಿದ್ದ ಪಂಜಾಬಿನ ಮುಸಲ್ಮಾನನೊಬ್ಬನು ಹೇಳದೆಯೇ ಗುದ್ದಲಿ ಹಿಡಿದನು. ಬಿಲ್ವವಿಲ್ಲ, ಜಂಗಮರಿಲ್ಲ, ಕಾಕಾ ಅವರಲ್ಲಿ ಉಳಿದಿದ್ದ ಒಂದು ತುಂಡು ವಿಭೂತಿಯಷ್ಟೇ. ಇಷ್ಟಲಿಂಗವನ್ನು ಅವನ ಎಡಗೈಯಲ್ಲಿಟ್ಟು ಮಣ್ಣು ಮುಚ್ಚಿದರು. ಬರಿಯ ಕರಡಿಗೆಯನ್ನು ತಾಯಿಗೆ ಒಪ್ಪಿಸಲೆಂದು ತೆಗೆದುಕೊಂಡರು.

1946ರಲ್ಲಿ ಊರಿಗೆ ಮರಳಿದವರು ಮನೆಯಲ್ಲಿ ಎರಡು ದಿನವೂ ನಿಲ್ಲದೆ ಬೈಲಹೊಂಗಲದ ಕಡೆಗೆ ಹೊರಟರು. ಸರಕಾರದ ತಂತಿ ಆ ತಾಯಿಗೆ ಎಂದೋ ಮುಟ್ಟಿತ್ತು. ಅವಳು ಯುದ್ಧದ ಮಾತು ಕೇಳಲಿಲ್ಲ. "ಮಣ್ಣು ಯಾರು ಕೊಟ್ಟರಪ್ಪಾ?" ಎಂದಳು. ಕಾಕಾ ಮೂವರನ್ನೂ ಹೇಳಿದರು. ನೀರಿನ ಮಾತನ್ನೂ ಹೇಳಿದರು. ಅವಳು ಬಹಳ ಹೊತ್ತು ಸುಮ್ಮನಿದ್ದು, ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಇವರ ಮುಂದೆ ಇಟ್ಟಳು. "ಕುಡಿ" ಎಂದಳು. ಕರಡಿಗೆಯನ್ನು ಮಾತ್ರ ಮುಟ್ಟಲಿಲ್ಲ. "ಇದು ಕಣ್ಣೆದುರಿಗಿದ್ದರೆ ನನಗೆ ತುತ್ತು ಇಳಿಯದು. ನಿನ್ನಲ್ಲಿರಲಿ, ಕೇಳಿದಾಗ ಕೊಡು."

ಅವಳು ಕೇಳಲಿಲ್ಲ. ಕಾಕಾ 1987ರಲ್ಲಿ ಲಿಂಗೈಕ್ಯರಾಗುವವರೆಗೆ ಅದು ಖಾನಾಪುರದ ನಮ್ಮ ಮನೆಯ ಪೂಜೆಯ ಗೂಡಿನಲ್ಲಿತ್ತು. ಆಮೇಲೆ ನಾನು ಎರಡು ಸಲ ಆ ಊರಿಗೆ ಹೋದೆನು. ಮನೆ ಬಿದ್ದಿದೆ, ಮನೆಯವರು ಬೆಳಗಾವಿಗೆ ಬಂದು ನೆಲೆಸಿರುವರೆಂದು ಮಾತ್ರ ತಿಳಿಯಿತು. ಅವರ ಹೆಸರನ್ನು ತುಂಬಿದ ಸಭೆಯಲ್ಲಿ ಎತ್ತುವುದು ಉಚಿತವಲ್ಲ. ಕರಡಿಗೆಯ ಮುಚ್ಚಳದ ಒಳಗೆ ಅಕ್ಕಸಾಲಿಗನು ಕೊರೆದ ಒಂದು ಗುರುತಿದೆ. ಆ ಗುರುತನ್ನು ಹೇಳಬಲ್ಲವರು ಇಂದಿನ ದಾಸೋಹಕ್ಕೆ ಬಂದಿದ್ದರೆ, ಪ್ರಸಾದವಾದ ಮೇಲೆ ನನ್ನನ್ನು ಕಾಣಬೇಕು. ನಾನು ಗದ್ದುಗೆಯ ಬಲಗಡೆಯ ಕಂಬದ ಹತ್ತಿರ ಕುಳಿತಿರುವೆನು. ಕರಡಿಗೆಯು ನನ್ನ ಕಿಸೆಯಲ್ಲಿದೆ.