ಹೆತ್ತ ಮೇಲೆ ಯಾರು ನೋಡಿಕೊಳ್ಳಬೇಕು?



1930ರ ಜೂನ್ ತಿಂಗಳು. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ಮಿರ್ಜಾ ಇಸ್ಮಾಯಿಲ್ ಅವರ ದಿವಾನಗಿರಿ. ಆ ತಿಂಗಳು ಸರ್ಕಾರದಿಂದ ಒಂದು ಆದೇಶ ಹೊರಟಿತು. ಸಂಸ್ಥಾನದ ನಾಲ್ಕು ಮುಖ್ಯ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆಯಬೇಕು ಎಂಬುದು ಅದರ ಸಾರ. ಸರ್ಕಾರವೇ ಮುಂದೆ ನಿಂತು ಇಂಥ ಚಿಕಿತ್ಸಾಲಯ ನಡೆಸಿದ್ದು ಜಗತ್ತಿನಲ್ಲೇ ಮೊದಲು ಎಂದು ಚರಿತ್ರೆ ಬರೆದವರು ಹೇಳುತ್ತಾರೆ. ಅಮೆರಿಕದಲ್ಲಿ ಆಗ ಗರ್ಭನಿರೋಧದ ಮಾಹಿತಿಯನ್ನು ಅಂಚೆಯಲ್ಲಿ ಕಳಿಸುವುದೂ ಅಪರಾಧವಾಗಿತ್ತು. ಹಾಗಿರುವಾಗ ನಮ್ಮ ಮೈಸೂರು ಇಷ್ಟು ಧೈರ್ಯ ಮಾಡಿತಲ್ಲ ಎಂದು ನನಗೆ ಈಗಲೂ ಹೆಮ್ಮೆ.

ಆದರೆ ಹೆಮ್ಮೆಯ ಜೊತೆಗೇ ಒಂದು ಪ್ರಶ್ನೆಯೂ ಏಳುತ್ತದೆ. ಅಂದಿನಿಂದ ಇಂದಿನವರೆಗೆ ಸರ್ಕಾರಗಳು ತಾಯಂದಿರನ್ನು ಕೇಳುತ್ತಾ ಬಂದದ್ದು ಒಂದೇ ಮಾತು: ಮಕ್ಕಳೆಷ್ಟು? ತಾಯಂದಿರು ಕೇಳುತ್ತಾ ಬಂದದ್ದು ಬೇರೆ: ಹೆತ್ತ ಮೇಲೆ ನೋಡಿಕೊಳ್ಳುವವರು ಯಾರು? ಈ ಎರಡು ಪ್ರಶ್ನೆಗಳು ನಮ್ಮ ನಾಡಿನಲ್ಲಿ ಎಲ್ಲೆಲ್ಲಿ ಎದುರಾದವು, ಎಲ್ಲೆಲ್ಲಿ ತಪ್ಪಿಸಿಕೊಂಡವು ಎಂಬುದೇ ಇವತ್ತಿನ ನನ್ನ ಮಾತು.

ಸ್ವಾತಂತ್ರ್ಯ ಬಂತು. 1951–52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ಮೈಸೂರು ಜನಸಂಖ್ಯಾ ಅಧ್ಯಯನ ನಡೆಸಿದವು. ಲೆಕ್ಕ ತೆಗೆಯುವವರು ಬೆಂಗಳೂರಿನ ಬೀದಿಗಳಿಗೂ ಹಳ್ಳಿಗಳಿಗೂ ಹೋಗಿ ಹೆಂಗಸರನ್ನು ಮಾತನಾಡಿಸಿದರು. ಇನ್ನು ಮಕ್ಕಳು ಸಾಕು ಎಂದವರು ಪಟ್ಟಣದಲ್ಲಷ್ಟೇ ಇರಲಿಲ್ಲ, ಹಳ್ಳಿಗಳಲ್ಲೂ ಇದ್ದರು. ಹಳ್ಳಿಯವರಿಗೆ ತಿಳಿವಳಿಕೆಯಿಲ್ಲ ಎಂದು ಪೇಟೆಯ ಜನ ಆಡುತ್ತಿದ್ದ ಮಾತಿಗೆ ಅಲ್ಲೇ ಉತ್ತರ ಸಿಕ್ಕಿತ್ತು.

ಅದೇ ಹೊತ್ತಿಗೆ ರಾಮನಗರದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಕೇಂದ್ರದ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ ಕೌರ್ ಗಾಂಧೀಜಿಯ ಅನುಯಾಯಿ. ಗರ್ಭನಿರೋಧದ ಸಾಧನಗಳು ಅವರಿಗೆ ಒಪ್ಪಿಗೆಯಿರಲಿಲ್ಲ. ತಿಂಗಳಲ್ಲಿ ಗರ್ಭ ನಿಲ್ಲುವ ದಿನಗಳನ್ನು ಲೆಕ್ಕ ಹಾಕಿ ಆ ದಿನಗಳಲ್ಲಿ ದೂರವಿರುವ ಕ್ರಮವನ್ನು ಕಲಿಸೋಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ನೆರವು ಕೇಳಿದರು. ಅಮೆರಿಕದಿಂದ ಡಾಕ್ಟರ್ ಏಬ್ರಹಾಂ ಸ್ಟೋನ್ ಬಂದರು. ದೆಹಲಿಯ ಲೋಧಿ ಕಾಲೊನಿ ಮತ್ತು ನಮ್ಮ ರಾಮನಗರ ಪ್ರಯೋಗದ ಜಾಗಗಳಾದವು. ಓದುಬರಹ ಬಾರದ ಹೆಣ್ಣುಮಕ್ಕಳು ದಿನ ಎಣಿಸಲಿ ಎಂದು ಮಣಿಸರ ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು; ಹಸಿರು ಬಂದರೆ ಭಯವಿಲ್ಲ, ಕೆಂಪು ಬಂದರೆ ಎಚ್ಚರ. ಯೋಜನೆ ಕೈಗೂಡಲಿಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮಣಿ ಹೆಂಗಸಿನ ಕೈಯಲ್ಲಿತ್ತು, ತೀರ್ಮಾನ ಗಂಡನ ಕೈಯಲ್ಲಿತ್ತು. ಕೆಂಪು ಮಣಿಯ ದಿನ ಬೇಡ ಎನ್ನುವ ಅಧಿಕಾರವನ್ನು ಆ ಸರ ಅವಳಿಗೆ ತಂದುಕೊಡಲಿಲ್ಲ.

ಆಮೇಲಿನದು ನಿಮ್ಮಲ್ಲಿ ಹಿರಿಯರಾದ ಎಲ್ಲರಿಗೂ ಗೊತ್ತು. ಗೋಡೆ ಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ, ರೇಡಿಯೋದಲ್ಲಿ ‘ನಾವಿಬ್ಬರು, ನಮಗಿಬ್ಬರು’, ಮನೆಯಲ್ಲಿ ಅಜ್ಜಿಯ ಬಾಯಲ್ಲಿ ‘ಆರತಿಗೊಬ್ಬಳು, ಕೀರ್ತಿಗೊಬ್ಬ’. ಆಮೇಲೆ ತುರ್ತು ಪರಿಸ್ಥಿತಿ. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಮೇಷ್ಟರಿಗೆ, ಗ್ರಾಮಸೇವಕರಿಗೆ, ನರ್ಸಮ್ಮನವರಿಗೆ ಇಷ್ಟಿಷ್ಟು ಎಂದು ಗುರಿ. ಚುನಾವಣೆಯಲ್ಲಿ ಜನ ತಕ್ಕ ಉತ್ತರ ಕೊಟ್ಟರು. ಮತ್ತೆ ಗಂಡಸರ ಮೈಗೆ ಕೈಹಾಕಲು ಅಂದಿನಿಂದ ಸರ್ಕಾರಗಳು ಹಿಂಜರಿದವು. ಭಾರವೆಲ್ಲ ಹೆಂಗಸರ ಮೇಲೆ ಬಿತ್ತು. ಇವತ್ತಿಗೂ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ‘ಆಪರೇಷನ್’ ಮಾಡಿಸಿಕೊಂಡವರು. ಮಾಡಿಸಿಕೊಂಡ ಗಂಡಸರು ಹುಡುಕಿದರೂ ಸಿಗುವುದು ಕಷ್ಟ.

ಆದರೆ ಅದೇ ತುರ್ತು ಪರಿಸ್ಥಿತಿಯ ಮೊದಲ ತಿಂಗಳುಗಳಲ್ಲಿ, ಸದ್ದಿಲ್ಲದೆ, ಇನ್ನೊಂದು ಕೆಲಸ ಶುರುವಾಗಿತ್ತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಲ್ಲಿ ನೂರು ಅಂಗನವಾಡಿಗಳು ಬಾಗಿಲು ತೆರೆದವು. ನಮ್ಮ ನಾಡಿನ ಕುಟುಂಬ ನೀತಿಯ ಚರಿತ್ರೆಯಲ್ಲಿ ನಾನು ಅತ್ಯಂತ ದೊಡ್ಡದೆಂದು ತಿಳಿಯುವ ದಿನ ಅದು. ಮಗುವನ್ನು ತಡೆಯುವುದಷ್ಟೇ ಅಲ್ಲ, ಹುಟ್ಟಿದ ಮಗುವಿಗೆ ಉಣ್ಣಿಸುವುದೂ ತೂಗಿ ನೋಡುವುದೂ ಚುಚ್ಚುಮದ್ದು ಹಾಕಿಸುವುದೂ ತನ್ನ ಕೆಲಸ ಎಂದು ಸರ್ಕಾರ ಆವತ್ತು ಒಪ್ಪಿಕೊಂಡಿತು. ಹುಟ್ಟಿದ್ದು ಉಳಿಯುತ್ತದೆ ಎಂಬ ಭರವಸೆ ಬಂದ ಮೇಲೆ ತಾನೇ ತಾಯಿ ಎರಡಕ್ಕೆ ಸಾಕು ಎನ್ನುವುದು?

ಹಾಗೇ ಆಯಿತು. 1992–93ರ ಮೊದಲ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಣ್ಣಿಗೆ ಸರಾಸರಿ 2.9 ಮಕ್ಕಳು. 2019–21ರ ಹೊತ್ತಿಗೆ ಅದು 1.7ಕ್ಕೆ ಇಳಿಯಿತು. ಜನಸಂಖ್ಯೆ ಕುಗ್ಗದೆ ನಿಲ್ಲಬೇಕಾದರೆ 2.1 ಬೇಕು. ಆದೇಶ, ಮಣಿಸರ, ಬಲವಂತ ಇವುಗಳಿಗೆ ಆಗದ್ದು ಶಾಲೆಗೆ ಹೋದ ಹುಡುಗಿಯರಿಂದ, ಬದುಕುಳಿದ ಮಕ್ಕಳಿಂದ, ತಡವಾದ ಮದುವೆಗಳಿಂದ ಆಯಿತು.

ಈಗ ಗಾಳಿ ತಿರುಗಿದೆ. 2024ರಲ್ಲಿ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಹೆಚ್ಚು ಮಕ್ಕಳನ್ನು ಹೆರಿ ಎಂದರು. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಸ್ಥಳೀಯ ಚುನಾವಣೆಗೆ ನಿಲ್ಲಬಾರದೆಂಬ ಹಳೆಯ ನಿಯಮವನ್ನು ಆ ರಾಜ್ಯ ತೆಗೆದೇಹಾಕಿತು. ಜನಸಂಖ್ಯೆ ನೋಡಿ ಮಾಡುವ ಲೋಕಸಭಾ ಕ್ಷೇತ್ರಗಳ ಮರುವಿಂಗಡಣೆಯಲ್ಲಿ ದಕ್ಷಿಣಕ್ಕೆ ಅನ್ಯಾಯವಾದೀತೆಂಬ ಆತಂಕ ನಮ್ಮಲ್ಲೂ ಇದೆ, ಅದು ನ್ಯಾಯವಾದ ಆತಂಕವೇ. ಆದರೆ ಆ ರಾಜಕೀಯದ ಲೆಕ್ಕವನ್ನು ಹೆಣ್ಣುಮಕ್ಕಳ ಗರ್ಭದಲ್ಲಿ ತೀರಿಸಲು ಹೊರಡುವುದನ್ನು ನಾನು ಒಪ್ಪಲಾರೆ. ರುಮೇನಿಯಾ 1966ರಲ್ಲಿ ಗರ್ಭಪಾತಕ್ಕೆ ಬಹುಮಟ್ಟಿಗೆ ನಿಷೇಧ ಹಾಕಿತು. ಮರುವರ್ಷ ಹೆರಿಗೆಗಳು ಹೆಚ್ಚುಕಡಿಮೆ ಇಮ್ಮಡಿಯಾದವು, ಆಮೇಲೆ ಮತ್ತೆ ಇಳಿದವು. ಕದ್ದುಮುಚ್ಚಿ ಗರ್ಭ ತೆಗೆಸಲು ಹೋಗಿ ಸಾವಿರಾರು ಹೆಂಗಸರು ಸತ್ತರು. ದಕ್ಷಿಣ ಕೊರಿಯಾ ಹಣ ಸುರಿದೂ ಸುರಿದೂ 2023ರಲ್ಲಿ ಹೆಣ್ಣಿಗೆ ಸರಾಸರಿ 0.72 ಮಗುವಿಗೆ ಬಂದು ನಿಂತಿತು. ಅಲ್ಲಿ ಅಪ್ಪ ಅಮ್ಮಂದಿರು ಕೆಲಸ ಮುಗಿಸಿ ಮನೆ ಸೇರುವ ಹೊತ್ತೇ ಬದಲಾಗದಿದ್ದರೆ ಹಣವೊಂದರಿಂದ ಏನಾದೀತು?

ಹಾಗಾದರೆ ಬೇಕಾದದ್ದೇನು? ನಮ್ಮಲ್ಲಿ ಒಂದು ಪುರಾತನ ವ್ಯವಸ್ಥೆ ಇತ್ತು: ತವರಿನ ಬಾಣಂತನ. ಮೂರು ತಿಂಗಳೋ ಐದು ತಿಂಗಳೋ ಮೈಗೆ ಎಣ್ಣೆ, ಹಂಡೆ ತುಂಬ ಬಿಸಿನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಲು ಅಜ್ಜಿ, ರಾತ್ರಿ ಎತ್ತಿಕೊಂಡು ತಿರುಗಲು ಚಿಕ್ಕಮ್ಮ. ಸಂಬಳವಿಲ್ಲದೆ ದುಡಿದ ಹೆಂಗಸರ ಹೆಗಲ ಮೇಲೆ ನಿಂತಿದ್ದ ವ್ಯವಸ್ಥೆ ಅದು. ಈಗ ಆ ಅಜ್ಜಿಯೂ ಕೂಲಿಗೆ ಹೋಗುತ್ತಾಳೆ, ಚಿಕ್ಕಮ್ಮ ಕಂಪನಿಗೆ ಹೋಗುತ್ತಾಳೆ. ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಸೂಟ್‌ಕೇಸಿನಲ್ಲಿ ಬಾಣಂತಿ ಲೇಹ್ಯ ಇಟ್ಟುಕೊಂಡು ವಿಮಾನ ಹತ್ತುವ ಕನ್ನಡದ ಅಮ್ಮಂದಿರನ್ನು ನೋಡಿದ್ದೇನೆ. ಸಂಬಳಸಹಿತ ಹೆರಿಗೆ ರಜೆಯನ್ನು ದೇಶದ ಕಾನೂನಿನಲ್ಲೇ ಕೊಡದ ಆ ನಾಡಿನಲ್ಲಿ ಅಮ್ಮನ ಆರು ತಿಂಗಳ ವೀಸಾವೇ ಮಗಳ ಆಸರೆ.

ಇಲ್ಲಿ ನಮ್ಮ ಕಾನೂನು ಮೇಲು. 1961ರ ಹೆರಿಗೆ ಸೌಲಭ್ಯ ಕಾಯ್ದೆ ಕೊಟ್ಟ 12 ವಾರ ರಜೆ 2017ರಲ್ಲಿ 26 ವಾರಕ್ಕೆ ಏರಿತು. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕೆಂದಾಯಿತು. ಆದರೆ ಕಳೆ ಕೀಳುವವಳಿಗೆ, ಮನೆಗೆಲಸದವಳಿಗೆ, ಬೀಡಿ ಕಟ್ಟುವವಳಿಗೆ ಈ ರಜೆ ಕೊಡುವವರಾರು? ಮೊದಲ ಮಗುವಿಗೆ ಕೇಂದ್ರದ ಮಾತೃವಂದನಾ ಯೋಜನೆಯ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ ಮಾತ್ರ ಇನ್ನೊಮ್ಮೆ ಹಣ, ಅಷ್ಟೇ. ಇನ್ನು ರಜೆ ಇದ್ದವರ ಪಾಡು ನೋಡಿ. ಬೆಂಗಳೂರಿನ ಪೀಣ್ಯದಲ್ಲೋ ಮೈಸೂರು ರಸ್ತೆಯಲ್ಲೋ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳಿಗೆ ಕೂಸಿಗೆ ಆರು ತಿಂಗಳು ತುಂಬುವಷ್ಟರಲ್ಲಿ ರಜೆ ಮುಗಿಯುತ್ತದೆ. ಅಂಗನವಾಡಿಯಲ್ಲಿ ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದ ಮೇಲೆ. ಕಾರ್ಖಾನೆಯ ಶಿಶುಪಾಲನಾ ಕೇಂದ್ರ ಕೈಗೆ ಸಿಗದಿದ್ದರೆ ನಡುವಿನ ಎರಡೂವರೆ ವರ್ಷ ಕೂಸನ್ನು ನೋಡಿಕೊಳ್ಳುವವರು ಯಾರು? ಎಷ್ಟೋ ಜನ ಕೂಸನ್ನು ಊರಲ್ಲಿ ಅಮ್ಮನ ಬಳಿ ಬಿಟ್ಟು ಬರುತ್ತಾರೆ. ಶನಿವಾರ ರಾತ್ರಿ ಬಸ್ಸು ಹಿಡಿದು ಹೋಗುತ್ತಾರೆ, ಭಾನುವಾರ ಸಂಜೆ ಮಗು ಮಲಗಿದ ಮೇಲೆ ಮೆಲ್ಲಗೆ ಹೊರಡುತ್ತಾರೆ. ಇವಳನ್ನು ಎರಡನೆಯದು ಯಾವಾಗ ಎಂದು ಕೇಳುವ ಬಾಯಿ ಯಾರಿಗಿದೆ?

ಅಪ್ಪನ ವಿಷಯವಂತೂ ಕಾನೂನಿಗೆ ಬಹುಮಟ್ಟಿಗೆ ಹೊಳೆದೇ ಇಲ್ಲ. ಕೇಂದ್ರ ಸರ್ಕಾರದ ನೌಕರನಿಗೆ 15 ದಿನ ಪಿತೃತ್ವ ರಜೆ ಇದೆ. ಖಾಸಗಿಯವನಿಗೆ ಅದೂ ಮಾಲೀಕನ ಮರ್ಜಿ. ಎದೆಹಾಲೊಂದನ್ನು ಬಿಟ್ಟು ಕೂಸಿಗೆ ಮಾಡುವ ಬೇರೆಲ್ಲ ಕೆಲಸ ಅಪ್ಪನಿಗೂ ಬರುತ್ತದೆ. ಕಲಿಯಲು ಅವನಿಗೆ ದಿನಗಳು ಬೇಕು.

2023ರಲ್ಲಿ ನಮ್ಮ ರಾಜ್ಯ ‘ಕೂಸಿನ ಮನೆ’ ಎಂಬ ಯೋಜನೆ ತಂದಿತು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರನ್ನು ಮನಸ್ಸಿನಲ್ಲಿಟ್ಟುಕೊಂಡು 4,000 ಗ್ರಾಮ ಪಂಚಾಯಿತಿಗಳಲ್ಲಿ ಶಿಶುಪಾಲನಾ ಕೇಂದ್ರ ತೆರೆಯುವ ಯೋಜನೆ ಅದು. ಆರು ತಿಂಗಳು ದಾಟಿದ ಕೂಸಿಗೂ ಅಲ್ಲಿ ಜಾಗ. ಆ ಎರಡೂವರೆ ವರ್ಷದ ಕಡೆಗೆ ಸರ್ಕಾರ ಕೊನೆಗೂ ತಿರುಗಿ ನೋಡಿದ ಹಾಗಾಯಿತು. ಇದು ಗಟ್ಟಿಯಾಗಬೇಕಾದರೆ ನೋಡಿಕೊಳ್ಳುವ ಹೆಂಗಸಿಗೆ ಗೌರವಧನದ ಬದಲು ನ್ಯಾಯವಾದ ಸಂಬಳ ಸಿಗಬೇಕು. ಅಂಗನವಾಡಿ ಕಾರ್ಯಕರ್ತೆಯರು 2017ರ ಮಾರ್ಚಿನಲ್ಲಿ ಬೆಂಗಳೂರಿನ ರಸ್ತೆಯಲ್ಲೇ ರಾತ್ರಿ ಕಳೆದು ಕೇಳಿದ್ದೂ ಇದನ್ನೇ. ಬಾಗಿಲು ತೆರೆಯುವ ಹೊತ್ತು ತಾಯಿ ಕೆಲಸಕ್ಕೆ ಹೊರಡುವ ಹೊತ್ತಿಗೆ ಕೂಡಿಬರಬೇಕು. ಗಾರ್ಮೆಂಟ್ಸ್ ಬಸ್ಸು ಬರುವ ಊರುಗಳಲ್ಲಿ ಅದು ಬೆಳಿಗ್ಗೆ ಏಳಕ್ಕೇ ಇರಬೇಕಾದೀತು. ಮುಂದಿನ ಗ್ರಾಮಸಭೆ ಸೇರಿದಾಗ ದಯವಿಟ್ಟು ಎದ್ದು ನಿಂತು ಕೇಳಿ: ನಮ್ಮ ಪಂಚಾಯಿತಿಯ ಕೂಸಿನ ಮನೆ ಎಲ್ಲಿದೆ, ಎಷ್ಟು ಹೊತ್ತಿಗೆ ತೆರೆಯುತ್ತದೆ, ಅಲ್ಲಿ ಕೂಸುಗಳನ್ನು ನೋಡಿಕೊಳ್ಳುವಾಕೆಗೆ ಈ ತಿಂಗಳ ಹಣ ಬಂದಿದೆಯೇ?